ಶಿರಸಿಯ ಒಂದು ರೀಡಿಂಗ್ ರೂಮ್ ರಿವ್ಯೂ: ಯೂನಿವರ್ಸಿಟಿಯಿಂದ ದೂರ ಇದ್ದು ಪಿಎಚ್‌ಡಿ ಮಾಡ್ತಿರೋರು ಓದಿ

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಾ ಇದ್ದೇನೆ. ರಿವ್ಯೂ ಸ್ವಲ್ಪ ಉದ್ದ ಆಗ್ತದೆ, ಯಾಕಂದ್ರೆ ಈ ಜಾಗ ಪಿಎಸ್‌ಐ, ಎಫ್‌ಡಿಎ, ಬ್ಯಾಂಕಿಂಗ್ ಅಂತ ಓದೋ ಹುಡುಗ್ರಿಗೆ ಅಂತಲೇ ಮಾಡಿದ್ದು, ಅವ್ರಿಗೆ ಇದು ಹೇಗೆ ಅಂತ ಅವ್ರೇ ಒಬ್ರಿಗೊಬ್ರು ಹೇಳ್ಕೊಳ್ತಾರೆ. ಆದ್ರೆ ನನ್ನ ಹಾಗೆ ಊರಲ್ಲೇ ಕೂತು ಎಲ್ಲೋ ರಾತ್ರಿ ಬಸ್ಸಿನ ದೂರದಲ್ಲಿರೋ ಯೂನಿವರ್ಸಿಟಿಗೆ ಪಾರ್ಟ್ ಟೈಮ್ ಪಿಎಚ್‌ಡಿ ಮಾಡೋರಿಗೆ ಇದು ಎಷ್ಟು ಉಪಯೋಗ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ, ಮತ್ತೆ ನಮ್ಮಂಥೋರು ಈ ಕಡೆ ಕಮ್ಮಿ ಏನಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಯಾವ ಕಾಲೇಜಿನ ಸ್ಟಾಫ್ ರೂಮಿಗೆ ಹೋದ್ರೂ ಒಬ್ರಾದ್ರೂ "ಥೀಸಿಸ್ ನಡೀತಾ ಇದೆ" ಅನ್ನೋರು ಸಿಗ್ತಾರೆ.

ಜಾಗ ಹೇಗಿದೆ ಅಂತ ಮೊದ್ಲು ಹೇಳ್ತೇನೆ. ಬಸ್ ಸ್ಟ್ಯಾಂಡಿಂದ ನಡ್ಕೊಂಡೇ ಹೋಗ್ಬಹುದು, ಕೆಳಗೆ ಒಂದು ಸ್ಟೇಷನರಿ ಮತ್ತೆ ಝೆರಾಕ್ಸ್ ಅಂಗಡಿ, ಪಕ್ಕದ ಮೆಟ್ಟಿಲು ಹತ್ತಿದ್ರೆ ಮೇಲೆ ಉದ್ದದ ಹಾಲ್. ಬೋರ್ಡಲ್ಲಿ ಬರೀ "ರೀಡಿಂಗ್ ರೂಮ್" ಅಂತಿದೆ, ಬೇರೆ ಹೆಸ್ರಿಲ್ಲ. ಒಳಗೆ ಪ್ಲೈವುಡ್ ಹಲಗೆ ಹಾಕಿ ಸಣ್ಣ ಸಣ್ಣ ಕ್ಯಾಬಿನ್ ಮಾಡಿದ್ದಾರೆ, ಪ್ರತಿ ಕ್ಯಾಬಿನ್ನಿಗೆ ಒಂದು ಲೈಟು, ಒಂದು ಪ್ಲಗ್ ಪಾಯಿಂಟು, ಪುಸ್ತಕ ಇಡ್ಲಿಕ್ಕೆ ಒಂದು ಹಲಗೆ. ಹುಡುಗೀರಿಗೆ ಒಂದು ಸಾಲು ಬೇರೆ ಇದೆ. ಬೆಳಿಗ್ಗೆ 6ರಿಂದ ರಾತ್ರಿ 9ರ ತನಕ ತೆರೆದಿರ್ತದೆ, ಭಾನುವಾರ ಮಧ್ಯಾಹ್ನದ ತನಕ. ತಿಂಗಳಿಗೆ 600 ರೂಪಾಯಿ, ಅರ್ಧ ದಿನದ್ದು ಸಾಕು ಅಂದ್ರೆ 400. ವೈಫೈ ಇದೆ, ಫಿಲ್ಟರ್ ನೀರು ಇದೆ, ಮತ್ತೆ ಎಲ್ಲಕ್ಕಿಂತ ಮುಖ್ಯ ಅಂದ್ರೆ ಇನ್ವರ್ಟರ್ ಇದೆ. ಜೂನಿಂದ ಸೆಪ್ಟೆಂಬರ್ ತನಕ ಈ ಕಡೆ ಹಳ್ಳೀಲಿ ಇದ್ದೋರಿಗೆ ನಾನು ಯಾಕೆ ಇನ್ವರ್ಟರಿಗೆ ಇಷ್ಟು ಮಹತ್ವ ಕೊಡ್ತೇನೆ ಅಂತ ವಿವರಿಸೋದು ಬೇಡ. ಲೈನಿನ ಮೇಲೆ ಒಂದು ಮರ ಬಿತ್ತು ಅಂದ್ರೆ ಕರೆಂಟು ಯಾವಾಗ ಬರ್ತದೆ ಅಂತ ಹೇಳ್ಲಿಕ್ಕಾಗೋದಿಲ್ಲ, ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟ್ರಿನೂ ಖಾಲಿ, ಆಮೇಲೆ ಗೈಡಿಗೆ ಒಂದು ಮೇಲ್ ಕಳಿಸ್ಬೇಕು ಅಂದ್ರೂ ಗುಡ್ಡ ಹತ್ತಬೇಕು.

ಈಗ ನಮ್ಮ ಪರಿಸ್ಥಿತಿ ಎಂತದ್ದು ಅಂತ ಹೇಳ್ದೆ ಈ ಜಾಗದ ಬೆಲೆ ಗೊತ್ತಾಗೋದಿಲ್ಲ. ನಮ್ಮ ದೇಶದಲ್ಲಿ ಕರೆಸ್ಪಾಂಡೆನ್ಸಲ್ಲೋ ಆನ್‌ಲೈನಲ್ಲೋ ಮಾಡಿದ ಪಿಎಚ್‌ಡಿಗೆ ಮಾನ್ಯತೆ ಇಲ್ಲ, 2022ರ ಅಕ್ಟೋಬರಲ್ಲಿ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿ ಮತ್ತೆ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಎಐಸಿಟಿಇ ಸೇರಿ, ಆನ್‌ಲೈನಲ್ಲಿ ಕೋರ್ಸ್ ಮಾರೋ ಎಡ್‌ಟೆಕ್ ಕಂಪನಿಗಳ ಆನ್‌ಲೈನ್ ಪಿಎಚ್‌ಡಿ ಜಾಹೀರಾತು ನಂಬ್ಬೇಡಿ ಅಂತ ಎಚ್ಚರಿಕೆನೂ ಕೊಟ್ಟಿದ್ವು. ಹಾಗಾಗಿ ನಾವು ದೂರದಲ್ಲಿದ್ದು ಮಾಡೋದು ಅಂದ್ರೆ ಪಾರ್ಟ್ ಟೈಮ್ ರಿಜಿಸ್ಟ್ರೇಷನ್: ಕೆಲ್ಸದ ಕಡೆಯಿಂದ ಎನ್‌ಒಸಿ (ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ) ತಗೊಂಡು, ಕೋರ್ಸ್ ವರ್ಕಿಗೆ, ಅಂದ್ರೆ ಶುರುವಿನ ಕ್ಲಾಸುಗಳಿಗೆ ಹೋಗಿ ಕನಿಷ್ಠ 12 ಕ್ರೆಡಿಟ್ ಮುಗಿಸಿ ಬರೋದು, ಆಮೇಲೆ ಸೆಮಿಸ್ಟರಿಗೊಮ್ಮೆ ರಿಸರ್ಚ್ ಅಡ್ವೈಸರಿ ಕಮಿಟಿ ಮುಂದೆ ನಿಂತು ಎಲ್ಲಿ ತನಕ ಆಯ್ತು ಅಂತ ಹೇಳಿ ಬರೋದು. ಕೋರ್ಸ್ ವರ್ಕ್ ಇದ್ದಷ್ಟು ದಿನ ಚೆಂದ. ಅಕ್ಕಪಕ್ಕ ಕೂರೋರು ಇರ್ತಾರೆ, ಲೈಬ್ರರಿ ಇರ್ತದೆ, ಕ್ಯಾಂಟೀನಲ್ಲಿ ಚಾ ಕುಡೀತಾ ಯಾರದ್ದೋ ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ಬಗ್ಗೆ ಮಾತಾಡ್ತಾ ನಮ್ಮದಕ್ಕೂ ಒಂದು ದಾರಿ ಹೊಳೀತದೆ. ಅದು ಮುಗಿದು ಊರಿಗೆ ಬಂದ ಮೇಲೆ ಒಂದು ರೀತಿಯ ಮೌನ ಶುರುವಾಗ್ತದೆ ಅಲ್ಲ, ಅದಕ್ಕೆ ಯಾರೂ ನಮ್ಮನ್ನ ರೆಡಿ ಮಾಡಿರೋದಿಲ್ಲ. ಮನೇಲಿ ಎಲ್ಲರೂ ಪ್ರೀತಿ ಮಾಡ್ತಾರೆ, ಊಟಕ್ಕೆ ಕರೀತಾರೆ, ಆದ್ರೆ ನಾವು ದಿನಾ ತಲೇಲಿ ಇಟ್ಕೊಂಡು ತಿರುಗೋ ವಿಷಯದ ಬಗ್ಗೆ ಒಂದು ಮಾತು ಆಡ್ಲಿಕ್ಕೆ ಸುತ್ತ ಯಾರೂ ಇರೋದಿಲ್ಲ. ಅತ್ತೆ ತೋಟದಿಂದ ಬಂದು ಕಾಲು ತೊಳೀತಾ "ಇನ್ನೂ ಮುಗದ್ದಿಲ್ಯನೇ ಕೂಸೇ ನಿಂದು?" ಅಂತ ಕೇಳ್ತಾರೆ. ಅವ್ರು ಕಾಳಜಿಯಿಂದ ಕೇಳೋದು, ಆದ್ರೆ ಅದಕ್ಕೆ ಉತ್ತರ ಹೇಳ್ಲಿಕ್ಕೆ ಹೋದ್ರೆ ಎಲ್ಲಿಂದ ಶುರು ಮಾಡೋದು.

ಇದು ನನ್ನೊಬ್ಬಳ ಮನಸ್ಸಿನ ವಿಷಯ ಅಲ್ಲ ಅಂತ ತಿಳಿದ ಮೇಲೆ ನನಗೆ ತುಂಬ ಸಮಾಧಾನ ಆಗಿತ್ತು, ಅದಕ್ಕೇ ಇಲ್ಲೂ ಹೇಳ್ತೇನೆ. ಬೆಲ್ಜಿಯಂನ ಫ್ಲಾಂಡರ್ಸಲ್ಲಿ 3,659 ಪಿಎಚ್‌ಡಿ ವಿದ್ಯಾರ್ಥಿಗಳನ್ನ ಕೇಳಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು, ಅದರಲ್ಲಿ ಸುಮಾರು 32 ಪರ್ಸೆಂಟ್ ಜನರಿಗೆ ಖಿನ್ನತೆಯಂಥ ಮಾನಸಿಕ ತೊಂದರೆ ಇರೋ ಇಲ್ಲ ಬರೋ ಅಪಾಯ ಕಂಡಿತ್ತು. ಅದೂ ಎಂಥೋರು, ಯೂನಿವರ್ಸಿಟಿ ಒಳಗೇ ಇರೋರು, ದಿನಾ ಗೈಡು, ಲ್ಯಾಬು, ಸಹಪಾಠಿಗಳ ಮುಖ ನೋಡೋರು. ಹಾಗಿರುವಾಗ ಹಳ್ಳೀಲಿ ಒಬ್ರೇ ಕೂತು ಬರೀತಿರೋರಿಗೆ ಒಂದೊಂದು ದಿನ ಲ್ಯಾಪ್‌ಟಾಪ್ ತೆರೆಯೋ ಮನಸ್ಸೇ ಬರ್ಲಿಲ್ಲ ಅಂದ್ರೆ ಅದನ್ನ ಸೋಮಾರಿತನ ಅಂತ ಕರೀಬೇಡಿ. ದಯವಿಟ್ಟು ನಿಮ್ಮನ್ನ ನೀವೇ ಹಾಗೆ ಕರ್ಕೊಳ್ಬೇಡಿ.

ರೀಡಿಂಗ್ ರೂಮಿಗೆ ವಾಪಸ್ ಬರ್ತೇನೆ. ಸೇರೋ ದಿನ ಓನರ್ ಅಣ್ಣ ಒಂದು ದೊಡ್ಡ ರಿಜಿಸ್ಟರ್ ಮುಂದಿಟ್ರು, ಅದರಲ್ಲಿ ಹೆಸರು, ಊರು, ಫೋನ್ ನಂಬರ್, ಯಾವ ಎಕ್ಸಾಮು, ಎಕ್ಸಾಮ್ ತಾರೀಕು ಅಂತ ಕಾಲಮ್ಮು. ಎಲ್ಲರೂ ತುಂಬ್ಲೇಬೇಕು. ನಾನು "ಪಿಎಚ್‌ಡಿ" ಅಂತ ಬರೆದು ತಾರೀಕಿನ ಕಾಲಮ್ ಖಾಲಿ ಬಿಟ್ಟಿದ್ದೆ, ಅವ್ರು ನೋಡಿ "ತಾರೀಕು ಬರೀರಿ ಅಕ್ಕಾ, ತಾರೀಕಿಲ್ದೆ ಇಲ್ಲಿ ಯಾರೂ ಕೂರೋದಿಲ್ಲ" ಅಂದ್ರು. ಅವ್ರು ರಿಜಿಸ್ಟರ್ ಪೂರ್ತಿ ಆಗ್ಲಿ ಅಂತ ಹೇಳಿದ್ದಷ್ಟೇ, ನಾನು ಯೋಚ್ನೆ ಮಾಡಿ ಮುಂದಿನ ಅಡ್ವೈಸರಿ ಕಮಿಟಿ ಮೀಟಿಂಗಿನ ತಾರೀಕು ಬರೆದೆ, ಅದು ಇನ್ನೂ ತಿಂಗಳುಗಟ್ಟಲೆ ದೂರ ಇತ್ತು. ಪಿಎಚ್‌ಡಿಯ ಕಷ್ಟ ಅರ್ಧಕ್ಕರ್ಧ ಇಲ್ಲೇ ಇರೋದು ಅಂತ ನನಗೆ ಅನ್ಸೋದು. 2022ರ ಯುಜಿಸಿ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಅದರ ಮೇಲೆ 2 ವರ್ಷ ಎಕ್ಸ್‌ಟೆನ್ಷನ್ ಸಿಗ್ಬಹುದು, ಹೆಂಗಸರಿಗೆ ಮತ್ತೆ 40 ಪರ್ಸೆಂಟಿಗಿಂತ ಹೆಚ್ಚು ಅಂಗವೈಕಲ್ಯ ಇರೋರಿಗೆ ಇನ್ನೂ 2 ವರ್ಷ, ಅಂದ್ರೆ ನನಗೆ ಹೆಚ್ಚಂದ್ರೆ 10 ವರ್ಷದ ತನಕ. ಈ ಸವಲತ್ತು ಬೇಕೇ ಬೇಕು, ಹೆರಿಗೆ, ಮನೆ, ಮಕ್ಕಳು ಅಂತ ಇರೋ ನಮ್ಮಂಥೋರಿಗೆ ಅದು ನ್ಯಾಯ, ಅದಕ್ಕಾಗಿ ಹೋರಾಡಿದೋರಿಗೆಲ್ಲ ನಾನು ಋಣಿ. ಆದ್ರೆ ಅಷ್ಟು ದೂರದ ತಾರೀಕಿಟ್ಕೊಂಡು ಇವತ್ತು ಬೆಳಿಗ್ಗೆ ಎದ್ದು ಎಂತ ಮಾಡೋದು ಅಂತ ಮನಸ್ಸಿಗೆ ಗೊತ್ತಾಗೋದಿಲ್ಲ. ರಿಜಿಸ್ಟರಲ್ಲಿ ಬರೆದ ತಾರೀಕು ಹತ್ರದ್ದು. ಪಕ್ಕದ ಕ್ಯಾಬಿನ್ನಿನ ಹುಡುಗಿಗೆ ಟೀಚರ್ ಆಗ್ಲಿಕ್ಕಿರೋ ಟಿಇಟಿ, ನನಗೆ ಅಡ್ವೈಸರಿ ಕಮಿಟಿ, ಇಬ್ಬರೂ ಒಂದೇ ಗೋಡೆಯ ಕ್ಯಾಲೆಂಡರಲ್ಲಿ ನಮ್ಮ ನಮ್ಮ ತಾರೀಕಿಗೆ ಗುರುತು ಹಾಕಿದ್ದೇವೆ. ಆ ಕಮಿಟಿಗೆ ಎಂತ ತೋರಿಸ್ಬೇಕು ಅಂತ ಬರ್ಕೊಂಡು, ಅದನ್ನ ತಿಂಗಳಿಗೆ, ವಾರಕ್ಕೆ ಒಡೆದು ಕ್ಯಾಬಿನ್ನಿನ ಹಲಗೆಗೆ ಅಂಟಿಸಿದ್ದೇನೆ, ಯಾರೂ ಬೇಡ ಅನ್ಲಿಲ್ಲ, ಎಲ್ಲರ ಹಲಗೆ ಮೇಲೂ ಸಿಲಬಸ್ ಚೀಟಿ ಇದೆ.

ಇನ್ನು ಸುಮ್ನೆ ನಾಲ್ಕು ಜನರ ನಡುವೆ ಕೂರೋದ್ರಿಂದ ಆಗೋ ಉಪಕಾರ. ಇದಕ್ಕೆ ವಿಜ್ಞಾನ ಇದೆ, ನಂಬಿಕೆ ಮಾತು ಮಾತ್ರ ಅಲ್ಲ. ನಾರ್ಮನ್ ಟ್ರಿಪ್ಲೆಟ್ ಅಂತ ಒಬ್ರು 1898ರಲ್ಲೇ ಬರೆದಿದ್ರು, ಸೈಕಲ್ ರೇಸಿನೋರು ಒಬ್ರೇ ಗಡಿಯಾರದ ವಿರುದ್ಧ ಓಡ್ಸೋದಕ್ಕಿಂತ ಬೇರೆಯೋರ ಜೊತೆ ಓಡ್ಸುವಾಗ ವೇಗ ಜಾಸ್ತಿ ಅಂತ. ಆಮೇಲೆ 1965ರಲ್ಲಿ ರಾಬರ್ಟ್ ಝಾಯಾನ್ಸ್ ಅನ್ನೋ ಮನಶ್ಶಾಸ್ತ್ರಜ್ಞರು ಅದಕ್ಕೆ ಇನ್ನೊಂದು ಮಾತು ಸೇರ್ಸಿದ್ರು: ಚೆನ್ನಾಗಿ ರೂಢಿಯಾದ ಕೆಲ್ಸಕ್ಕೆ ಬೇರೆಯೋರು ಹತ್ರ ಇದ್ರೆ ಬಲ ಬರ್ತದೆ, ಹೊಸದು, ಕಷ್ಟದ್ದು, ಇನ್ನೂ ಕಲೀತಾ ಇರೋದಾದ್ರೆ ಬೇರೆಯೋರ ಇರುವಿಕೆಯಿಂದ ತೊಡಕೂ ಆಗ್ತದೆ. ಇದು ನನಗೆ ಇಲ್ಲಿ ಕೂತು ಕೂತು ಸರಿಯಾಗಿ ಅರ್ಥ ಆಗಿದೆ. ಇಂಟರ್‌ವ್ಯೂ ಆಡಿಯೋ ಕೇಳಿ ಟೈಪ್ ಮಾಡೋದು, ಕೋಡಿಂಗ್ ಮಾಡೋದು (ಅಂದ್ರೆ ಇಂಟರ್‌ವ್ಯೂನ ಮಾತುಗಳನ್ನ ವಿಷಯದ ಪ್ರಕಾರ ಗುರುತು ಹಾಕಿ ವಿಂಗಡಿಸೋದು), ಝೊಟೆರೊ ಅನ್ನೋ ಸಾಫ್ಟ್‌ವೇರಲ್ಲಿ ರೆಫರೆನ್ಸ್ ಸರಿ ಮಾಡೋದು, ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾದಿಂದ ಇಳ್ಸಿಟ್ಟ ಹಳೇ ಥೀಸಿಸ್‌ಗಳ ಸಾಹಿತ್ಯ ವಿಮರ್ಶೆ ಭಾಗ ಓದಿ ನೋಟ್ಸ್ ಮಾಡೋದು, ಇಂಥ ಕೆಲ್ಸ ಮನೇಲಿ ಒಂದು ವಾರ ಎಳೆಯೋದು ಇಲ್ಲಿ ಎರಡು ದಿನಕ್ಕೆ ಮುಗೀತದೆ. ಆದ್ರೆ ಒಂದು ಅಧ್ಯಾಯದ ವಾದ ಎಂತದ್ದು, ಈ ಡೇಟಾ ನಿಜವಾಗ್ಲೂ ಎಂತ ಹೇಳ್ತದೆ ಅಂತ ಮೊದಲ ಸಲ ಯೋಚ್ನೆ ಮಾಡ್ಲಿಕ್ಕೆ ಈ ಜಾಗ ಅಲ್ಲ. ಅದನ್ನ ನಾನು ಬೆಳಿಗ್ಗೆ ಎಲ್ಲರೂ ಏಳೋ ಮೊದ್ಲು ಮನೆ ಜಗಲೀಲಿ ಕೂತು ಪೆನ್ನಿಂದ ನೋಟ್‌ಬುಕ್ಕಲ್ಲಿ ಬರೀತೇನೆ, ಕರೆಂಟೂ ಬೇಡ ನೆಟ್ಟೂ ಬೇಡ, ಆಮೇಲೆ ಆ ಪುಟಗಳನ್ನ ಇಲ್ಲಿಗೆ ತಂದು ಟೈಪ್ ಮಾಡ್ತಾ ತಿದ್ತೇನೆ. ಸೇರೋ ಯೋಚ್ನೆ ಇದ್ರೆ ನೀವೂ ನಿಮ್ಮ ಕೆಲ್ಸನ ಹೀಗೆ ಎರಡು ಪಾಲು ಮಾಡ್ಕೊಂಡು ಬನ್ನಿ, ಇಲ್ದಿದ್ರೆ ಕ್ಯಾಬಿನ್ನಲ್ಲಿ ಖಾಲಿ ಪುಟ ನೋಡ್ತಾ ಕೂತು, ಪಕ್ಕದೋರು ಪುಟದ ಮೇಲೆ ಪುಟ ತಿರುಗಿಸೋ ಸದ್ದು ಕೇಳ್ತಾ, ಇದು ನನಗೆ ಆಗೋ ಜಾಗ ಅಲ್ಲ ಅಂತ ದುಡ್ಡು ವಾಪಸ್ ಕೇಳ್ಲಿಕ್ಕೆ ಹೋಗ್ತೀರಿ.

ಚಾ ಟೈಮಿನ ಬಗ್ಗೆ ಹೇಳ್ಲೇಬೇಕು, ಇದು ಫೀಸಿನಲ್ಲಿ ಬರೆದಿಲ್ಲ ಆದ್ರೆ ನನಗೆ ಅರ್ಧ ಫೀಸು ಇದಕ್ಕೇ ಕೊಟ್ಟ ಹಾಗೆ. ಬೆಳಿಗ್ಗೆ 11ಕ್ಕೆ ಮತ್ತೆ ಸಂಜೆ ನಾಲ್ಕೂವರೆಗೆ ಹಾಲಲ್ಲಿ ಕೂತೋರೆಲ್ಲ ಒಟ್ಟಿಗೆ ಏಳ್ತಾರೆ, ಯಾರೂ ಬೆಲ್ ಹೊಡೆಯೋದಿಲ್ಲ, ಒಬ್ರ ಕುರ್ಚಿ ಸರಿದ ಸದ್ದಿಗೆ ಇನ್ನೊಬ್ರು ಎದ್ದೇಳೋದು ರೂಢಿ ಆಗ್ಬಿಟ್ಟಿದೆ. ಎದುರಿಗೆ ಒಂದು ಸಣ್ಣ ಹೋಟ್ಲು, ಚಾ, ಕಷಾಯ, ಬನ್ಸ್, ಅವಲಕ್ಕಿ. ಅಲ್ಲಿ ನಿಂತು ಮಾತು. ಅವ್ರದ್ದು ಯಾವ ನೋಟಿಫಿಕೇಷನ್ ಬಂತು, ಕೀ ಆನ್ಸರ್ ಬಂತಾ, ಕಟ್ ಆಫ್ ಎಷ್ಟಕ್ಕೆ ನಿಲ್ಬಹುದು ಅಂತ. ಪೇಪರ್ ಓದಿ ಬಂದಿರ್ತಾರೆ, ಲೋಕಧ್ವನಿಯಿಂದ ಹಿಡಿದು ಪ್ರಜಾವಾಣಿ ತನಕ, ಯಾವ ಯೋಜನೆ ಯಾವ ವರ್ಷ ಅಂತ ಒಬ್ರನ್ನೊಬ್ರು ಕೇಳ್ಕೊಳ್ತಾರೆ. ಒಂದಿನ ಒಬ್ಬ ತಮ್ಮ ಕೇಳ್ದ, "ಅಕ್ಕಾ ನಿಮ್ಮದು ಯಾವುದರ ಮೇಲೆ?" ನಾನು ಸೊಪ್ಪಿನಬೆಟ್ಟ, ಅದರಲ್ಲಿ ಹೆಂಗಸರ ದುಡಿಮೆ ಅಂದೆ. ಬೇರೆ ಕಡೆಯೋರಿಗೆ: ಘಟ್ಟದ ಮೇಲಿನ ಅಡಿಕೆ ತೋಟದೋರಿಗೆ ಎಕರೆ ತೋಟಕ್ಕೆ 9 ಎಕರೆ ತನಕ ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರೋ ಹಕ್ಕು ಬ್ರಿಟಿಷರ ಕಾಲದಿಂದ ಇದೆ, ಆ ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರ ಆಗಿ ತೋಟಕ್ಕೆ ಬರ್ತದೆ. ಸೆಮಿನಾರಲ್ಲಿ ನಾನು ಇದನ್ನ ಹೇಳುವಾಗ ಥಿಯರಿ ಬಗ್ಗೆ ಪ್ರಶ್ನೆ ಬರ್ತದೆ. ಇಲ್ಲಿ ಚಾ ಲೋಟ ಹಿಡ್ಕೊಂಡ ಆ ತಮ್ಮ ಕೇಳಿದ್ದು, "ಅಕ್ಕಾ ದರಕು ಗುಡಿಸ್ಲಿಕ್ಕೆ ಹೋಗೋದು ಹೆಂಗಸ್ರು ಸರಿ, ಆದ್ರೆ ಈಗ ನಮ್ಮನೇಲಿ ಯಾರೂ ಹೋಗೋದೇ ಇಲ್ಲ, ಆಳು ಸಿಕ್ಕೋದಿಲ್ಲ, ಅಮ್ಮಂಗೆ ಮಂಡಿ ನೋವು, ಹಾಗಾದ್ರೆ ಗೊಬ್ಬರ ಯಾರ ಕೈಯಿಂದ ಬರೋದು ಅಂತ ಬರೆದೀರಾ?" ನಾನು ಆ ಪ್ರಶ್ನೇನ ಅಲ್ಲೇ ಫೋನಲ್ಲಿ ಬರ್ಕೊಂಡೆ. ಮುಂದಿನ ಫೀಲ್ಡ್ ವರ್ಕಲ್ಲಿ ಎಲ್ಲ ಮನೇಲೂ ಅದನ್ನ ಕೇಳಿದೆ, ಈಗ ಥೀಸಿಸ್ಸಲ್ಲಿ ಅದಕ್ಕೇ ಒಂದು ಭಾಗ ಇದೆ.

ಆವತ್ತಿಂದ ನನಗೆ ಒಂದು ವಿಷಯ ಖಾತ್ರಿ ಆಗಿದೆ. ಯೂನಿವರ್ಸಿಟಿಯಿಂದ ದೂರ ಇರೋದು ಬರೀ ನಷ್ಟ ಅಂತ ನಾವು ಲೆಕ್ಕ ಹಾಕ್ತೇವೆ, ಆದ್ರೆ ನನ್ನ ವಿಷಯಕ್ಕೆ ಅತೀ ಹತ್ರ ಇರೋ ಜನ ಈ ಹೋಟ್ಲಿನ ಮುಂದೇ ನಿಂತಿದ್ದಾರೆ. ಅವ್ರಿಗೆ ಅರ್ಥ ಆಗೋ ಹಾಗೆ ಚಾ ಮುಗಿಯೋದ್ರೊಳಗೆ ನನ್ನ ಅಧ್ಯಾಯ ಹೇಳ್ಲಿಕ್ಕೆ ಬಂದ್ರೆ ಆ ಅಧ್ಯಾಯ ನಿಂತಿದೆ ಅಂತ ಅರ್ಥ, ಬರ್ದಿದ್ರೆ ಇನ್ನೂ ಬೆಂದಿಲ್ಲ. ನಿಮ್ಮದು ಕೆಮಿಸ್ಟ್ರಿನೋ ಗಣಿತವೋ ಆದ್ರೆ ಇದು ಹೀಗೇ ನಡೀತದೆ ಅಂತ ನಾನು ಹೇಳೋದಿಲ್ಲ, ಆದ್ರೂ "ಇವತ್ತು ಎಷ್ಟಾಯ್ತು ಅಕ್ಕಾ" ಅಂತ ಸಂಜೆ ಒಬ್ರು ಕೇಳೋದಕ್ಕೆ ವಿಷಯ ಗೊತ್ತಿರ್ಬೇಕಂತ ಏನಿಲ್ಲ.

ಈಗ ಒಂದು ಸ್ಟಾರ್ ಯಾಕೆ ಕಮ್ಮಿ. ಮೊದಲನೇದು ಕುರ್ಚಿ. ಪ್ಲಾಸ್ಟಿಕ್ ಕುರ್ಚಿ, ಮೂರು ತಾಸಿನ ಮೇಲೆ ಕೂತ್ರೆ ಸೊಂಟ ಹಿಡೀತದೆ, ದಿಂಬು ತಗೊಂಡು ಹೋಗಿ. ಕ್ಯಾಬಿನ್ನಿನ ಹಲಗೆ ಎಂಸಿಕ್ಯು ಪುಸ್ತಕ ಇಡೋ ಅಳತೆಗೆ ಮಾಡಿದ್ದು, ಲ್ಯಾಪ್‌ಟಾಪ್ ಇಟ್ಟ ಮೇಲೆ ಪಕ್ಕದಲ್ಲಿ ಒಂದು ಪುಸ್ತಕ ಬಿಚ್ಚಿ ಇಡ್ಲಿಕ್ಕೆ ಜಾಗ ಇಲ್ಲ, ಥೀಸಿಸ್ ಕೆಲ್ಸದಲ್ಲಿ ಇದು ನಿಜವಾಗ್ಲೂ ತೊಂದರೆ. ಸಂಜೆ ಹೊತ್ತು ಎಲ್ಲರೂ ಕ್ಲಾಸಿನ ವಿಡಿಯೋ ಹಾಕ್ಕೊಂಡು ಕೂರೋದ್ರಿಂದ ವೈಫೈ ನಿಧಾನ, ಪೇಪರ್ ಡೌನ್‌ಲೋಡ್ ಮಾಡೋದು ಇದ್ರೆ ಬೆಳಿಗ್ಗೆನೇ ಮುಗ್ಸಿ. ಟಾಯ್ಲೆಟ್ ಹೆಂಗಸರಿಗೆ ಒಂದೇ, ಬೆಳಿಗ್ಗೆ ಒಂದ್ಸಲ ತೊಳೀತಾರೆ, ಮಧ್ಯಾಹ್ನ ಇನ್ನೊಂದ್ಸಲ ತೊಳೀಬೇಕು, ನಾನು ಓನರ್ ಅಣ್ಣಂಗೆ ಇದನ್ನ ಹೇಳಿದ್ದೇನೆ, ಇಲ್ಲೂ ಬರೀತಿದ್ದೇನೆ. ಮಳೆಗಾಲದಲ್ಲಿ ಬಾಗಿಲ ಹತ್ರ ಕೊಡೆ, ರೇನ್‌ಕೋಟು ರಾಶಿ ಬಿದ್ದು ಒಂದು ಮುಗ್ಗು ವಾಸನೆ, ಕ್ಯಾಬಿನ್ನಲ್ಲಿ ಪುಸ್ತಕ ಬಿಟ್ಟು ಹೋದ್ರೆ ಬೂಸ್ಟು ಬರ್ತದೆ, ಹಾಗಾಗಿ ಲೈಬ್ರರಿ ಪುಸ್ತಕ ಅಲ್ಲಿ ಬಿಡ್ಲೇಬೇಡಿ. ರಾತ್ರಿ 9ರ ತನಕ ಅಂತಿದ್ರೂ ಹಳ್ಳಿ ಕಡೆ ಹೋಗೋ ಕೊನೇ ಬಸ್ಸು ಅದಕ್ಕಿಂತ ಎಷ್ಟೋ ಮುಂಚೆ, ಸ್ಕೂಟಿ ಇಲ್ದಿರೋರಿಗೆ ಆ ಸಂಜೆ ಹೊತ್ತು ಲೆಕ್ಕಕ್ಕಿಲ್ಲ. ಮತ್ತೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಜಾತ್ರೆ ನಡೆಯೋ ಬಿಡ್ಕಿಬೈಲಿನ ಸುತ್ತ ಅಷ್ಟೂ ದಿನ ಓದು ಬರಹ ಮರ್ತುಬಿಡಿ, ಜಾತ್ರೆ ನೋಡಿ, ಅಷ್ಟೇ.

ಇದಕ್ಕಿಂತ ದೊಡ್ಡ ಕೊರತೆ ಅಂದ್ರೆ ಮಾತಾಡೋ ಜಾಗ ಇಲ್ಲ. ಹಾಲಲ್ಲಿ ಮಾತು ಪೂರ್ತಿ ಬಂದ್, ಅದು ಸರಿಯೇ, ಆದ್ರೆ ಪಾರ್ಟ್ ಟೈಮ್ ಪಿಎಚ್‌ಡಿಯೋರಿಗೆ ಗೈಡಿನ ಜೊತೆ ವಿಡಿಯೋ ಕಾಲು ಜೀವ ಇದ್ದ ಹಾಗೆ. ಮೆಟ್ಟಿಲ ಮೇಲೆ ನಿಂತು ಮಾತಾಡ್ಬೇಕು, ಜುಲೈ ತಿಂಗಳಲ್ಲಿ ಆ ಮೆಟ್ಟಿಲಿಗೆ ಪೂರ್ತಿ ಇರಚಲು ಹೊಡೀತದೆ. ಹಿಂದೆ ಹಳೇ ಬೆಂಚು ತುಂಬಿಟ್ಟ ಒಂದು ಸಣ್ಣ ಕೋಣೆ ಇದೆ, ಅದನ್ನ ಖಾಲಿ ಮಾಡಿ ಅರ್ಧ ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಕೊಟ್ರೂ ನಾನು ಮೊದ್ಲು ಬುಕ್ ಮಾಡ್ತೇನೆ. ಇಂಟರ್‌ವ್ಯೂ ಕೊಡೋ ಹುಡುಗ್ರಿಗೂ ಮಾಕ್ ಇಂಟರ್‌ವ್ಯೂ ಮಾಡ್ಲಿಕ್ಕೆ ಆಗ್ತದೆ.

ಇನ್ನೊಂದು ವಿಷಯ ಯಾರೂ ಹೇಳೋದಿಲ್ಲ, ಸೇರೋ ಮೊದ್ಲು ತಿಳ್ಕೊಂಡಿರ್ಲಿ ಅಂತ ಹೇಳ್ತೇನೆ. ದೊಡ್ಡ ಎಕ್ಸಾಮ್ ಹತ್ರ ಬಂದಾಗ ಇಲ್ಲಿ ಸೀಟೇ ಸಿಗೋದಿಲ್ಲ, ಎಕ್ಸಾಮ್ ಮುಗಿದ ಮಾರನೇ ದಿನ ಹಾಲ್ ಖಾಲಿ. ನಿನ್ನೆ ತನಕ ಒಟ್ಟಿಗೆ ಚಾ ಕುಡಿದೋರು ಊರಿಗೆ ಹೋಗಿರ್ತಾರೆ, ಕೆಲವರಿಗೆ ಕೆಲ್ಸ ಸಿಕ್ಕಿ ಎಲ್ಲೋ ಕಲಬುರಗಿಗೋ ಕೊಡಗಿಗೋ ಪೋಸ್ಟಿಂಗು, ಸಿಹಿ ಹಂಚ್ಲಿಕ್ಕೆ ಬರ್ತಾರೆ, ಎಷ್ಟು ಖುಷಿ ಆಗ್ತದೆ ಅಂದ್ರೆ ಹೇಳ್ಲಿಕ್ಕಾಗೋದಿಲ್ಲ. ಆದ್ರೆ ಅವ್ರು ಹೋದ ಮೇಲೆ ನನ್ನ ಕ್ಯಾಬಿನ್ನಿನ ಸುತ್ತ ನಾಲ್ಕು ಸೀಟು ಖಾಲಿ ಇರೋ ಆ ವಾರ ಇದೆಯಲ್ಲ, ಆ ವಾರ ಕಷ್ಟ. ಎಲ್ಲರ ಓದೂ ಒಂದಿನ ಮುಗೀತದೆ, ನನ್ನದು ಮಾತ್ರ ಇನ್ನೂ ಇಲ್ಲೇ ಅಂತ ಅನ್ನಿಸ್ತದೆ. ಹಾಗಾಗಿ ಈ ರೂಮಿನ ಮೇಲೇ ಪೂರ್ತಿ ಭಾರ ಹಾಕ್ಬೇಡಿ, ಜೊತೆಗೆ ಇನ್ನೂ ಒಂದೆರಡು ಆಸರೆ ಇಟ್ಕೊಳ್ಳಿ.

ನನ್ನದು ಎಂತ ಅಂದ್ರೆ, ಕೋರ್ಸ್ ವರ್ಕಿನ ಬ್ಯಾಚಿನ ನಾಲ್ಕು ಜನ ಸೇರಿ ಶನಿವಾರ ಸಂಜೆ ಗೂಗಲ್ ಮೀಟ್ ಮಾಡ್ತೇವೆ. ಒಬ್ರು ಬೀದರಲ್ಲಿ, ಒಬ್ರು ಚಾಮರಾಜನಗರದಲ್ಲಿ, ಇನ್ನೊಬ್ರು ಅಂಕೋಲಾದಲ್ಲಿ, ಯಾರ ವಿಷಯನೂ ಒಂದಲ್ಲ. ಮೊದ್ಲು ಹೋದ ವಾರ ಹೇಳಿದ್ದು ಎಷ್ಟಾಯ್ತು, ಆಮೇಲೆ ಮುಂದಿನ ವಾರ ಎಂತ ಮಾಡ್ತೇವೆ, ಮಧ್ಯೆ ಒಬ್ರ ಎರಡು ಪುಟ ಎಲ್ಲರೂ ಓದಿ ಅಭಿಪ್ರಾಯ ಹೇಳೋದು, ಇಷ್ಟೇ. ಯಾರಾದ್ರೂ ಎರಡು ವಾರ ಬರ್ಲಿಲ್ಲ ಅಂದ್ರೆ ಫೋನ್ ಮಾಡಿ ವಿಚಾರಿಸ್ತೇವೆ, ಥೀಸಿಸ್ ಬಗ್ಗೆ ಕೇಳೋದಿಲ್ಲ, ಹುಷಾರಾಗಿದ್ದೀರಾ ಅಂತ ಕೇಳ್ತೇವೆ. ಈ ನಿಯಮ ಹಾಕಿದ್ದು ಅಂಕೋಲಾದ ಗೆಳತಿ, ಇದೊಂದಕ್ಕೆ ನಾನು ಅವಳಿಗೆ ಯಾವಾಗ್ಲೂ ಋಣಿ. ಹತ್ರದಲ್ಲಿ ರೀಡಿಂಗ್ ರೂಮ್ ಇಲ್ದಿರೋರಿಗೆ ಫೋಕಸ್‌ಮೇಟ್ ಅಂತ ಒಂದು ಆನ್‌ಲೈನ್ ಸೇವೆ ಇದೆ, ಗುರುತಿಲ್ಲದ ಇನ್ನೊಬ್ರ ಜೊತೆ ವಿಡಿಯೋ ಹಾಕ್ಕೊಂಡು 25, 50 ಇಲ್ಲ 75 ನಿಮಿಷ ನಿಮ್ಮ ನಿಮ್ಮ ಕೆಲ್ಸ ಮಾಡೋದು, ಶುರುವಲ್ಲಿ ಎಂತ ಮಾಡ್ತೇನೆ ಅಂತ ಹೇಳೋದು, ಕೊನೇಲಿ ಆಯ್ತಾ ಅಂತ ಹೇಳೋದು. ವಾರಕ್ಕೆ 3 ಸೆಷನ್ ಫ್ರೀ. ಐಡಿಯಾ ತುಂಬ ಒಳ್ಳೇದು, ಪೇಟೇಲಿ ನೆಟ್ ಸರಿ ಇರೋರು ಖಂಡಿತ ನೋಡಿ. ನನ್ನ ಮನೇಲಿ ಮಳೆಗಾಲದಲ್ಲಿ ವಿಡಿಯೋ ನಿಲ್ಲೋದಿಲ್ಲ, ಹಾಗಾಗಿ ನನಗೆ ಮೆಟ್ಟಿಲು ಹತ್ತಿ ಹೋಗೋ ರೂಮೇ ಸರಿ ಹೋಯ್ತು.

ಜರ್ನಲ್ ಸಿಗೋದಿಲ್ಲ ಅನ್ನೋ ಒಂಟಿತನ ಒಂದಿತ್ತಲ್ಲ, ಅದು ಈಗ ಬಹಳ ಕಮ್ಮಿ ಆಗಿದೆ. 2025ರ ಜನವರಿಯಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಶುರುವಾಗಿ, 30 ಪ್ರಕಾಶಕರ ಸುಮಾರು 13,000 ಜರ್ನಲ್ಲು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಿಗ್ತಾ ಇದೆ. ನಿಮ್ಮ ಯೂನಿವರ್ಸಿಟಿ ಅದರಲ್ಲಿದ್ರೆ ಲೈಬ್ರರಿಯೋರಿಗೆ ಮೇಲ್ ಮಾಡಿ ಹೊರಗಿಂದ ಬಳ್ಸೋ ಲಾಗಿನ್ ಇದೆಯಾ ಅಂತ ಕೇಳಿ, ಪಾರ್ಟ್ ಟೈಮ್ ಅಂತ ಸಂಕೋಚ ಮಾಡ್ಕೊಳ್ಬೇಡಿ, ನಾವೂ ಫೀಸು ಕಟ್ಟಿದ ವಿದ್ಯಾರ್ಥಿಗಳೇ. ಶೋಧಗಂಗಾವಂತೂ ಯಾರಿಗೆ ಬೇಕಾದ್ರೂ ಫ್ರೀ, ದೇಶದ ಲಕ್ಷಗಟ್ಟಲೆ ಥೀಸಿಸ್ ಅಲ್ಲಿದೆ. ಮನಸ್ಸು ಕುಗ್ಗಿದ ದಿನ ನಾನು ಅಲ್ಲಿ ಕನ್ನಡದಲ್ಲಿ ಬರೆದ ಯಾವುದಾದ್ರೂ ಥೀಸಿಸ್ಸಿನ ಕೃತಜ್ಞತೆ ಪುಟ ಓದ್ತೇನೆ. ಎಷ್ಟು ಜನ ಅಪ್ಪ ಅಮ್ಮನ, ಗಂಡನ, ಊರಿನ, ಅನ್ನ ಹಾಕಿದ ಹಾಸ್ಟೆಲ್ಲಿನ ಹೆಸ್ರು ಬರ್ದಿದ್ದಾರೆ ಅಂದ್ರೆ, ಅದನ್ನ ಓದಿದ್ರೆ ಈ ದಾರೀಲಿ ನಮ್ಮ ಮುಂದೆ ಎಷ್ಟೋ ಜನ ನಡ್ಕೊಂಡು ಹೋಗಿದ್ದಾರೆ ಅಂತ ಧೈರ್ಯ ಬರ್ತದೆ.

ಒಂದು ಮಾತು ಗಂಭೀರವಾಗಿ. ರೂಮು, ಗುಂಪು, ಕ್ಯಾಲೆಂಡರ್ ಇವೆಲ್ಲ ಬೇಜಾರಿಗೆ, ಮನಸ್ಸು ಹಿಂಜರಿಯೋದಕ್ಕೆ. ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡ ಅನ್ನೋ ಹಾಗೆ ವಾರಗಟ್ಟಲೆ ಆದ್ರೆ ಅದಕ್ಕೆ ಡಾಕ್ಟ್ರು ಬೇಕು, ಸ್ಟಡಿ ಟಿಪ್ಸ್ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದ್ರೂ ಫೋನ್ ಮಾಡ್ಬಹುದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಆ ನಂಬರನ್ನ ನಮ್ಮ ಶನಿವಾರದ ಗುಂಪಿನೋರೆಲ್ಲ ಫೋನಲ್ಲಿ ಸೇವ್ ಮಾಡಿಟ್ಕೊಂಡಿದ್ದೇವೆ.

ಕೊನೇದಾಗಿ ಸೇರೋರಿಗೆ. ಮೊದ್ಲು ಒಂದು ತಿಂಗಳು ಅರ್ಧ ದಿನದ್ದು ತಗೊಳ್ಳಿ, ಬೆಳಿಗ್ಗೆಯ ಪಾಳಿ ಒಳ್ಳೇದು, ನೆಟ್ಟೂ ಚೆನ್ನಾಗಿರ್ತದೆ ಚಾಕ್ಕೂ ಜನ ಇರ್ತಾರೆ. ಕಿಟಕಿ ಪಕ್ಕದ ಸೀಟು ಬೇಸಿಗೇಲಿ ಚೆಂದ, ಮಳೆಗಾಲಕ್ಕೆ ಗೋಡೆ ಕಡೆಯದ್ದು ಕೇಳಿ. ಹೆಡ್‌ಫೋನ್, ದಿಂಬು, ಒಂದು ಶಾಲು ತಗೊಂಡು ಹೋಗಿ. ಊಟಕ್ಕೆ ಡಬ್ಬಿ ತಂದ್ರೆ ಹಿಂದಿನ ವರಾಂಡದಲ್ಲಿ ಕೂತು ಉಣ್ಲಿಕ್ಕೆ ಬಿಡ್ತಾರೆ. ರಿಜಿಸ್ಟರಲ್ಲಿ ತಾರೀಕಿನ ಕಾಲಮ್ ಬಂದಾಗ ನಿಮ್ಮ ಮುಂದಿನ ಕಮಿಟಿ ಮೀಟಿಂಗಿನ ತಾರೀಕು ಬರೀರಿ, ಗೊತ್ತಿಲ್ದಿದ್ರೆ ಗೈಡಿಗೆ ಫೋನ್ ಮಾಡಿ ಕೇಳ್ಕೊಂಡೇ ಬನ್ನಿ. ಮತ್ತೆ ಶಿರಸಿ ಸುತ್ತಮುತ್ತ ಯಾರಾದ್ರೂ ಪಾರ್ಟ್ ಟೈಮ್ ಮಾಡ್ತಿರೋರು ಇದ್ರೆ 11 ಗಂಟೆ ಹೊತ್ತಿಗೆ ಎದುರಿನ ಹೋಟ್ಲಿಗೆ ಬನ್ನಿ, ಪಿಎಚ್‌ಡಿ ಅಕ್ಕ ಯಾರು ಅಂತ ಕೇಳಿದ್ರೆ ಅಲ್ಲಿರೋ ಹುಡುಗ್ರೇ ತೋರಿಸ್ತಾರೆ. ನಾಲ್ಕೈದು ಜನ ಆದ್ರೆ ಆ ಹಿಂದಿನ ಕೋಣೆ ಖಾಲಿ ಮಾಡಿಸ್ಲಿಕ್ಕೆ ಓನರ್ ಅಣ್ಣನ ಹತ್ರ ಒಟ್ಟಿಗೇ ಹೋಗಿ ಕೇಳ್ಬಹುದು.